ನೂರು ಮಿಲಿಯ ಬಾಟಲಿ ಮತ್ತು ರೋಗಿಯ ತೂಕ



ಅತ್ತಿವೇರಿ ಎಂದರೆ ಹೊರಗಿನವರಿಗೆ ಜಲಾಶಯ ನೆನಪಾಗುತ್ತದೆ, ಚಳಿಗಾಲದಲ್ಲಿ ಅದರ ದಂಡೆಗೆ ಬಂದಿಳಿಯುವ ಹಕ್ಕಿಗಳು ನೆನಪಾಗುತ್ತವೆ. ಇಲ್ಲಿ ಬಾಳುವವರಿಗೆ ಮಳೆ ಹಿಡಿದ ಮೇಲೆ ಮನೆಮನೆಗೆ ಬರುವ ಜ್ವರವೂ ಅಷ್ಟೇ ಪರಿಚಿತ. ಜ್ವರ ಬಂದವರು ಮುಂಡಗೋಡಿನ ದವಾಖಾನೆಗೆ ಹೋಗುತ್ತಾರೆ, ಹೆಚ್ಚಾದರೆ ಹುಬ್ಬಳ್ಳಿಗೆ. ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ಕಂಬಕ್ಕೆ ಒಂದು ಬಾಟಲಿ ನೇತುಬೀಳುತ್ತದೆ. ಜನ ಅದನ್ನು ಸಲಾಯಿನ್ ಎನ್ನುತ್ತಾರೆ. ಎಷ್ಟೋ ಸಲ ಅದು ಬರೀ ಸಲಾಯಿನ್ ಆಗಿರುವುದಿಲ್ಲ. ನೂರು ಮಿಲಿಯ ಆ ಚಿಕ್ಕ ಬಾಟಲಿಯಲ್ಲಿ ಇರುವುದು ನಿಮ್ಮೆಲ್ಲರ ಮನೆಯ ಡಬ್ಬಿಯಲ್ಲಿರುವ ಔಷಧಿಯೇ, ಪ್ಯಾರಾಸಿಟಮಾಲ್. ಗುಳಿಗೆಯಾಗಿ ಅದನ್ನು ಎಲ್ಲರೂ ಬಲ್ಲರು. ಬಾಟಲಿಯಲ್ಲಿ ಬಂದಾಗ ಅದರ ಗುರುತು ಸಿಗುವುದಿಲ್ಲ. ಇಂದಿನ ಮಾತೆಲ್ಲ ಆ ಬಾಟಲಿಯ ಬಗ್ಗೆ.

ಪ್ಯಾರಾಸಿಟಮಾಲ್ ಹಳೆಯ ಔಷಧಿ. 19ನೇ ಶತಮಾನದಲ್ಲೇ ರಸಾಯನಶಾಲೆಯಲ್ಲಿ ತಯಾರಾಗಿತ್ತು, 1950ರ ದಶಕದಲ್ಲಿ ಗುಳಿಗೆಯಾಗಿ ಅಂಗಡಿಗೆ ಬಂತು. ಅದನ್ನು ರಕ್ತನಾಳಕ್ಕೆ ಕೊಡುವುದು ಮಾತ್ರ ಬಹುಕಾಲ ಸಾಧ್ಯವಾಗಲಿಲ್ಲ. ನೀರಿನಲ್ಲಿ ಸುಲಭವಾಗಿ ಕರಗದು, ಕರಗಿಸಿಟ್ಟರೆ ಕೆಡುತ್ತದೆ. ಫ್ರಾನ್ಸಿನಲ್ಲಿ 1980ರ ದಶಕದಲ್ಲಿ ಪ್ರೊಪ್ಯಾಸಿಟಮಾಲ್ ಎಂಬ ಪುಡಿ ಬಂದಿತು. ಮೈಯೊಳಗೆ ಹೋದ ಮೇಲೆ ಅದು ಪ್ಯಾರಾಸಿಟಮಾಲ್ ಆಗುತ್ತಿತ್ತು. ಆದರೆ ಚುಚ್ಚಿದ ಕಡೆ ಉರಿ, ಕಲಸಿ ಕೊಡುವ ನರ್ಸುಗಳ ಕೈಗೆ ಚರ್ಮದ ಅಲರ್ಜಿ. ಕೆಡದೆ ನಿಲ್ಲುವ ಸಿದ್ಧ ದ್ರಾವಣ ಯುರೋಪಿನಲ್ಲಿ ಈ ಶತಮಾನದ ಆರಂಭದಲ್ಲಿ ಬಂತು, ಅಮೆರಿಕ ಅದಕ್ಕೆ ಅನುಮತಿ ಕೊಟ್ಟದ್ದು 2010ರಲ್ಲಿ. ಮಿಲಿಗೆ 10 ಮಿಲಿಗ್ರಾಂ, ನೂರು ಮಿಲಿಯ ಬಾಟಲಿಗೆ 1000 ಮಿಲಿಗ್ರಾಂ. ಇಂದು ತಾಲೂಕು ಆಸ್ಪತ್ರೆಗಳವರೆಗೂ ಇದು ಸಾಮಾನ್ಯ.

ಇದರಿಂದ ಆಗಿರುವ ಉಪಕಾರ ದೊಡ್ಡದು. ಸಿಸೇರಿಯನ್ ಆದ ತಾಯಿ ಆ ರಾತ್ರಿ ಏನನ್ನೂ ನುಂಗುವಂತಿಲ್ಲ. ಅವಳಿಗೆ ನೋವು ತಗ್ಗಿಸಲು ಇದು ಸಿಗುತ್ತದೆ, ಅಮಲು ಬರಿಸುವ ನೋವುನಿವಾರಕದ ಪ್ರಮಾಣ ಇಳಿಯುತ್ತದೆ, ಅವಳು ಎಚ್ಚರವಾಗಿದ್ದು ಮಗುವಿಗೆ ಹಾಲು ಕೊಡುತ್ತಾಳೆ. ನಿಲ್ಲದೆ ವಾಂತಿ ಮಾಡುವವರಿಗೆ, ಎಚ್ಚರ ತಪ್ಪಿದವರಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮದ್ದು ನಮ್ಮ ಕೈಯಲ್ಲಿ ಹೆಚ್ಚಿಲ್ಲ. ಹತ್ತು ನಿಮಿಷದೊಳಗೆ ನೋವು ಇಳಿಯತೊಡಗುತ್ತದೆ, ಅರ್ಧ ಗಂಟೆಯಲ್ಲಿ ಜ್ವರ ಇಳಿಯುತ್ತದೆ.

ಬಾಯಿಂದ ನುಂಗಬಲ್ಲವರ ಮಾತು ಬೇರೆ. ನುಂಗಿದ ಗುಳಿಗೆಯ ಬಹುಪಾಲು ರಕ್ತ ಸೇರುತ್ತದೆ, ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಅದೇ ಕೆಲಸ ಮಾಡುತ್ತದೆ. ಅರ್ಧ ಗಂಟೆ ಬೇಗ ಜ್ವರ ಇಳಿಯಲಿ ಎಂದು ರಕ್ತನಾಳಕ್ಕೆ ಸೂಜಿ ಹಾಕುವುದರಲ್ಲಿ ಅರ್ಥವಿಲ್ಲ. ಆದರೂ ನಮ್ಮ ಕಡೆ ಕೇಳುವ ಮಾತು ಒಂದೇ: "ಸಲಾಯಿನ್ ಹಚ್ರಿ ಡಾಕ್ಟರ, ಗುಳಿಗಿಗೆಲ್ಲಾ ಇದು ಹೋಗೂದಲ್ಲ." ಹೀಗೆ ಕೇಳುವವರನ್ನು ತಿಳಿಯದವರು ಎಂದು ತಳ್ಳಿಹಾಕುವ ವೈದ್ಯರ ಬಗ್ಗೆ ನನಗೆ ಅಸಮಾಧಾನವಿದೆ. ನಾಳೆ ಕೂಲಿಗೆ ಹೋಗದಿದ್ದರೆ ಮನೆ ನಡೆಯದು. ಕಬ್ಬು ಕಡಿಯುವವಳಿಗೆ, ಗದ್ದೆಯಲ್ಲಿ ನಾಟಿ ಮಾಡುವವಳಿಗೆ ಮೂರು ದಿನ ಮಲಗುವ ಅನುಕೂಲವಿಲ್ಲ. ಅವಳು ಬೇಗ ಗುಣವಾಗುವ ದಾರಿ ಕೇಳುತ್ತಿದ್ದಾಳೆ, ಅದಕ್ಕೆ ಸಲಾಯಿನ್ ಎಂಬ ಹೆಸರು ಕೊಟ್ಟಿದ್ದಾಳೆ, ಅಷ್ಟೇ. ಅವಳ ಹತ್ತಿರ ಎರಡು ನಿಮಿಷ ಕೂತು ವಿವರಿಸುವುದಕ್ಕಿಂತ ಬಾಟಲಿ ಏರಿಸುವುದು ಸುಲಭ ಎಂದು ನಾವೇ ಆ ರೂಢಿಯನ್ನು ಬೆಳೆಸಿದೆವು. 2000ದ ದಶಕದ ಆರಂಭದಲ್ಲಿ ದೇಶದ ವೈದ್ಯಕೀಯ ಕಾಲೇಜುಗಳ ಜಾಲವೊಂದು ಚುಚ್ಚುಮದ್ದುಗಳ ಸಮೀಕ್ಷೆ ನಡೆಸಿತು. ಅದರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಚುಚ್ಚುಮದ್ದು ಕೊಡಲಾಗುತ್ತಿತ್ತು, ಅವುಗಳಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಒಂದಲ್ಲ ಒಂದು ರೀತಿಯಲ್ಲಿ ಅಸುರಕ್ಷಿತವಾಗಿದ್ದವು. ಆಮೇಲೆ ಒಮ್ಮೆ ಬಳಸಿ ಬಿಸಾಡುವ ಸಿರಿಂಜು ಎಲ್ಲೆಡೆ ಬಂತು. ಚುಚ್ಚಿಸಿಕೊಳ್ಳುವ ಆಸೆ ಮಾತ್ರ ಇಳಿದಿಲ್ಲ.

ಇನ್ನು ಈ ಉಪನ್ಯಾಸದ ಮುಖ್ಯ ಮಾತು. ಬಾಟಲಿ ಎಲ್ಲರಿಗೂ ನೂರು ಮಿಲಿಯದೇ. ರೋಗಿಯ ಮೈ ಹಾಗಲ್ಲ.

ಇಡೀ ಬಾಟಲಿ, ಅಂದರೆ ಒಂದು ಗ್ರಾಂ, 50 ಕಿಲೋಗಿಂತ ಹೆಚ್ಚು ತೂಗುವ ದೊಡ್ಡವರ ಪ್ರಮಾಣ. ಅವರಿಗೂ ಎರಡು ಬಾಟಲಿಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಕಳೆಯಬೇಕು, ದಿನಕ್ಕೆ ನಾಲ್ಕು ಗ್ರಾಂ ದಾಟಬಾರದು. 50 ಕಿಲೋ ಮತ್ತು ಅದಕ್ಕಿಂತ ಕಡಿಮೆ ತೂಗುವ ದೊಡ್ಡವರಿಗೆ ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ, ಇಡೀ ದಿನಕ್ಕೆ ಕಿಲೋಗೆ 60 ಮಿಲಿಗ್ರಾಂ. ಈಗ ನಮ್ಮ ತಾಲೂಕುಗಳ ಹೆಂಗಸರನ್ನು ನೆನಪಿಗೆ ತಂದುಕೊಳ್ಳಿ. ಗೌಳಿ ದೊಡ್ಡಿಗಳಲ್ಲಿ, ಸಿದ್ದಿಯರ ಕೇರಿಗಳಲ್ಲಿ, ಲಂಬಾಣಿ ತಾಂಡಾಗಳಲ್ಲಿ, ಜೋಯಿಡಾದ ಕುಣಬಿಯರ ಮನೆಗಳಲ್ಲಿ 50 ಕಿಲೋ ದಾಟದ ತಾಯಂದಿರು ಎಷ್ಟೊಂದು ಜನ! ಪುಸ್ತಕ ಬರೆದವರ ಕಣ್ಣ ಮುಂದೆ ಇದ್ದ ರೋಗಿ ಎಪ್ಪತ್ತು ಕಿಲೋ ತೂಗುತ್ತಿದ್ದ, ನಮ್ಮ ಮಂಚದ ಮೇಲೆ ಮಲಗಿರುವವಳು ಮೂವತ್ತೆಂಟು ತೂಗುತ್ತಾಳೆ. ಅವಳ ಲೆಕ್ಕ ಹಾಕಿ ನೋಡೋಣ. 38ಕ್ಕೆ 15ರಿಂದ ಗುಣಿಸಿದರೆ 570 ಮಿಲಿಗ್ರಾಂ, ಅಂದರೆ 57 ಮಿಲಿ. ಬಾಟಲಿಯಲ್ಲಿ ಉಳಿಯುವ 43 ಮಿಲಿ ಅವಳಿಗೆ ಸೇರಿದ್ದಲ್ಲ. ದಿನಕ್ಕೆ ಅವಳ ಮಿತಿ 2280 ಮಿಲಿಗ್ರಾಂ. ದೊಡ್ಡವಳಲ್ಲವೇ ಎಂದು ಆರಾರು ಗಂಟೆಗೆ ಒಂದು ಬಾಟಲಿ ಹಚ್ಚಿದರೆ ಅವಳ ಮೈಗೆ 4000 ಮಿಲಿಗ್ರಾಂ ಹೋಗುತ್ತದೆ, ಕಿಲೋಗೆ ನೂರಕ್ಕೂ ಮೇಲೆ. ಯಾರೂ ನಿರ್ಲಕ್ಷ್ಯ ಮಾಡಿರುವುದಿಲ್ಲ, ಹೊತ್ತಿಗೆ ಸರಿಯಾಗಿಯೇ ಕೊಟ್ಟಿರುತ್ತಾರೆ. ತೂಕ ಮಾತ್ರ ನೋಡಿರುವುದಿಲ್ಲ. ಸ್ಕಾಟ್ಲೆಂಡಿನಂಥ ಕಡೆಯಲ್ಲೂ ಕೃಶವಾಗಿದ್ದ ಯುವತಿಯೊಬ್ಬಳಿಗೆ ದೊಡ್ಡವರ ಪ್ರಮಾಣ ಹೋಗಿ ಅವಳು ತೀರಿಕೊಂಡದ್ದುಂಟು.

ಉಳಿದ 43 ಮಿಲಿಯನ್ನು ಚೆಲ್ಲಬೇಕು ಎಂದಾಗ ನಮ್ಮ ಸಿಸ್ಟರ್‌ಗಳ ಮುಖ ಬಾಡುವುದನ್ನು ಕಂಡಿದ್ದೇನೆ. ಬಡವರ ಆಸ್ಪತ್ರೆಯಲ್ಲಿ ಔಷಧಿ ಚೆಲ್ಲುವುದು ಅನ್ನ ಚೆಲ್ಲಿದ ಹಾಗೆ. ಆ ಸಂಕಟ ಒಳ್ಳೆಯ ಮನಸ್ಸಿನದು. ಆದರೆ ಉಳಿದದ್ದನ್ನು ಆ ರೋಗಿಗೇ ಬಿಡುವುದೂ ತಪ್ಪು, ಪಕ್ಕದ ಮಂಚದ ಮಗುವಿಗೆ ಎತ್ತಿಡುವುದೂ ತಪ್ಪು. ಈ ದ್ರಾವಣದಲ್ಲಿ ಸೂಕ್ಷ್ಮಾಣು ಬೆಳೆಯದಂತೆ ತಡೆಯುವ ಪದಾರ್ಥ ಏನೂ ಇಲ್ಲ. ಒಮ್ಮೆ ಚುಚ್ಚಿದ ಬಾಟಲಿಯ ಆಯುಷ್ಯ ಆ ಒಂದು ಬಳಕೆಗೇ ಮುಗಿಯಿತು. ಚೆಲ್ಲುವ ಪಾಲನ್ನು ಬಾಟಲಿ ನೇತುಹಾಕುವ ಮೊದಲೇ ಸಿರಿಂಜಿನಿಂದ ತೆಗೆದುಬಿಡಿ. "57 ಬಂದಾಗ ನಿಲ್ಲಿಸಿದರಾಯಿತು" ಎಂದುಕೊಂಡು ನೇತುಹಾಕಿದರೆ, ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕೂಗು ಬರುತ್ತದೆ, ಬಾಟಲಿ ಪೂರ್ತಿ ಇಳಿದುಹೋಗುತ್ತದೆ. ಐವತ್ತು ಮಿಲಿಯ ಬಾಟಲಿಗಳೂ ತಯಾರಾಗುತ್ತವೆ. ನಮ್ಮಂಥ ತಾಲೂಕುಗಳು ಬೇಡಿಕೆ ಪಟ್ಟಿ ಕಳಿಸುವಾಗ ಅವನ್ನೂ ಕೇಳಿ ಪಡೆಯಬೇಕು.

ಹಕ್ಕಿಗಳ ಊರಿನಲ್ಲಿ ನಿಂತು ಈ ಮಾತು ಹೇಳುವಾಗ ರಣಹದ್ದುಗಳನ್ನು ನೆನೆಯದಿರಲಾರೆ. ನೋವು, ಜ್ವರ, ಬಾವಿಗೆ ಕೊಡುವ ಇನ್ನೊಂದು ಚುಚ್ಚುಮದ್ದು ಡೈಕ್ಲೊಫಿನಾಕ್. ಅದನ್ನು ದನಗಳಿಗೆ ಕೊಟ್ಟರು, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸತ್ತವು. 1990ರ ದಶಕದಿಂದ ಹದಿನೈದೇ ವರ್ಷಗಳಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಅಳಿಯಿತು. ಕಾರಣ ಡೈಕ್ಲೊಫಿನಾಕ್ ಎಂದು ಖಚಿತವಾದದ್ದು 2004ರಲ್ಲಿ. 2006ರಲ್ಲಿ ನಮ್ಮ ಸರ್ಕಾರ ಜಾನುವಾರಿಗೆ ಅದರ ಬಳಕೆಯನ್ನು ನಿಷೇಧಿಸಿತು. ಆದರೂ ಸಾವು ನಿಲ್ಲಲಿಲ್ಲ, ಏಕೆಂದರೆ ಮನುಷ್ಯರಿಗೆಂದು ಮಾರುತ್ತಿದ್ದ 30 ಮಿಲಿಯ ದೊಡ್ಡ ಸೀಸೆ ಒಂದು ಎತ್ತಿಗೆ ಹದವಾಗಿ ಸಾಲುತ್ತಿತ್ತು. 2015ರಲ್ಲಿ ಮನುಷ್ಯರ ಡೈಕ್ಲೊಫಿನಾಕ್ ಚುಚ್ಚುಮದ್ದನ್ನು ಒಂದೇ ಬಳಕೆಯ 3 ಮಿಲಿಗೆ ಇಳಿಸಿದರು. ಸೀಸೆಯ ಗಾತ್ರ ಇಷ್ಟು ದೊಡ್ಡ ವಿಷಯ. ಕೈಗೆ ಸಿಕ್ಕ ಪಾತ್ರೆಯೇ ಪ್ರಮಾಣವನ್ನು ಗೊತ್ತುಮಾಡಿಬಿಡುತ್ತದೆ.

ಎಳೆಯ ಮಕ್ಕಳ ವಿಷಯದಲ್ಲಂತೂ ಇದು ಭಯ ಹುಟ್ಟಿಸುವಂಥದು. ಯುರೋಪಿನ ಸೂಚನೆಯಂತೆ 10 ಕಿಲೋದವರೆಗಿನ ಮಕ್ಕಳಿಗೆ ಒಂದು ಸಲಕ್ಕೆ ಕಿಲೋಗೆ 7.5 ಮಿಲಿಗ್ರಾಂ. ಆರು ಕಿಲೋದ ಕೂಸಿಗೆ 45 ಮಿಲಿಗ್ರಾಂ, ಅಂದರೆ ನಾಲ್ಕೂವರೆ ಮಿಲಿ. ನೂರು ಮಿಲಿಯ ಬಾಟಲಿಯಲ್ಲಿ ಆ ಕೂಸಿಗೆ ಇಪ್ಪತ್ತೆರಡು ಸಲಕ್ಕಾಗುವಷ್ಟು ಮದ್ದಿದೆ! ವೈದ್ಯರು ಚೀಟಿಯಲ್ಲಿ "45" ಎಂದು ಗೀಚಿ ಹೋದರೆ, ಕೊಡುವವರು ಅದನ್ನು 45 ಮಿಲಿ ಎಂದು ಓದಿದರೆ, ಕೂಸಿಗೆ ಹತ್ತುಪಟ್ಟು ಹೋಗುತ್ತದೆ. ಕಲ್ಪನೆಯ ಭಯವಲ್ಲ ಇದು. ಮಿಲಿಗ್ರಾಂ ಮತ್ತು ಮಿಲಿ ಅದಲುಬದಲಾಗಿ ಶಿಶುಗಳಿಗೆ ಹತ್ತುಪಟ್ಟು ಹೋದ ಪ್ರಕರಣಗಳು ಸೇರುತ್ತ ಬಂದು, 2010ರ ಜುಲೈನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಲ್ಲ ವೈದ್ಯರಿಗೂ ಎಚ್ಚರಿಕೆ ಕಳಿಸಬೇಕಾಯಿತು. 10 ಕಿಲೋದವರೆಗಿನ ಮಗುವಿಗೆ ಒಂದು ಸಲಕ್ಕೆ ಏಳೂವರೆ ಮಿಲಿ ದಾಟಲೇಬಾರದು, ಬಾಟಲಿಯನ್ನು ನೇತುಹಾಕಲೇಬಾರದು, ಚಿಕ್ಕ ಸಿರಿಂಜಿನಲ್ಲಿ ಅಳೆದು ತೆಗೆದು, ಬೇಕಾದರೆ ತೆಳುವಾಗಿಸಿ ಕೊಡಬೇಕು ಎಂಬುದು ಅಲ್ಲಿಂದ ಬಂದ ನಿಯಮ. ಅಮೆರಿಕದ ಸೂಚನೆ ಕೂಸುಗಳಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಒಪ್ಪುತ್ತದೆ. ಯಾವುದನ್ನು ಅನುಸರಿಸಬೇಕೆಂದು ಮಕ್ಕಳ ವೈದ್ಯರು ತೀರ್ಮಾನಿಸಲಿ. ಯಾವುದನ್ನೇ ಅನುಸರಿಸಿದರೂ ಚೀಟಿಯಲ್ಲಿ ಮಿಲಿಗ್ರಾಂ ಮತ್ತು ಮಿಲಿ ಎರಡನ್ನೂ ಬರೆಯಲಿ, ಬರೆದದ್ದನ್ನು ಇನ್ನೊಬ್ಬರು ಓದಿ ಹೇಳಲಿ.

ನಮ್ಮ ಕಡೆ ಇನ್ನೂ ಒಂದು ತೊಡಕು ಇದೆ. ಮಾಂಸಖಂಡಕ್ಕೆ ಕೊಡುವ ಪ್ಯಾರಾಸಿಟಮಾಲ್ ಆಂಪೂಲ್‌ನಲ್ಲಿ ಮಿಲಿಗೆ 150 ಮಿಲಿಗ್ರಾಂ ಇರುತ್ತದೆ, ಬಾಟಲಿಯಲ್ಲಿ 10. ಹದಿನೈದು ಪಟ್ಟು ವ್ಯತ್ಯಾಸ, ಹೆಸರು ಒಂದೇ, ಕಪಾಟೂ ಒಂದೇ. ಕೂಸಿನ ಬಾಯಿಗೆ ಹಾಕುವ ಹನಿಮದ್ದಿನಲ್ಲಿ ಮಿಲಿಗೆ 100, ಸಿರಪ್ಪಿನ ಐದು ಮಿಲಿಯಲ್ಲಿ ಒಂದರಲ್ಲಿ 125, ಇನ್ನೊಂದರಲ್ಲಿ 250. ಹನಿಮದ್ದನ್ನು ಸಿರಪ್ಪಿನ ಚಮಚದಲ್ಲಿ ಕುಡಿಸಿದ ತಾಯಂದಿರಿದ್ದಾರೆ. ಬೈಯಬೇಕಾದದ್ದು ಅವರನ್ನಲ್ಲ, ಅಂಗಡಿಯಲ್ಲಿ ಸೀಸೆ ತೆರೆದು ಇಷ್ಟೇ ಎಂದು ಗೆರೆ ತೋರಿಸದ ನಮ್ಮನ್ನು.

ಹೆಚ್ಚಾದರೆ ಏನಾಗುತ್ತದೆ? ಮೈಗೆ ಸೇರಿದ ಪ್ಯಾರಾಸಿಟಮಾಲಿನ ಬಹುಪಾಲನ್ನು ಲಿವರ್ ನಿರಪಾಯವಾಗಿ ಮಾರ್ಪಡಿಸಿ ಮೂತ್ರದಲ್ಲಿ ಕಳಿಸುತ್ತದೆ. ಸ್ವಲ್ಪ ಭಾಗ ಮಾತ್ರ ವಿಷವಾಗುತ್ತದೆ. ಆ ವಿಷವನ್ನು ಕಟ್ಟಿಹಾಕಲು ಲಿವರಿನಲ್ಲಿ ಗ್ಲುಟಥಯೋನ್ ಎಂಬ ಪದಾರ್ಥ ದಾಸ್ತಾನಿರುತ್ತದೆ. ಪ್ರಮಾಣ ಮಿತಿ ಮೀರಿದಾಗ ದಾಸ್ತಾನು ಬರಿದಾಗಿ, ಉಳಿದ ವಿಷ ಲಿವರಿನ ಜೀವಕೋಶಗಳನ್ನೇ ಕೊಲ್ಲುತ್ತದೆ. ಮೂರು ದಿನದಿಂದ ಊಟ ಬಿಟ್ಟವರಲ್ಲಿ, ಅಪೌಷ್ಟಿಕತೆ ಇರುವವರಲ್ಲಿ ಆ ದಾಸ್ತಾನು ಮೊದಲೇ ಕಡಿಮೆ. ನಿತ್ಯ ಸಾರಾಯಿ ಕುಡಿಯುವವರಲ್ಲಿ, ಕ್ಷಯಕ್ಕೆ ಐಸೋನಿಯಾಜಿಡ್ ತೆಗೆದುಕೊಳ್ಳುವವರಲ್ಲಿ ವಿಷವಾಗುವ ಪಾಲು ಹೆಚ್ಚು. ಇಂಥವರು 50 ಕಿಲೋ ದಾಟಿದ್ದರೂ ಅವರಿಗೆ ದಿನಕ್ಕೆ ಮೂರು ಗ್ರಾಂ ಮೀರಬಾರದು. ಮೂತ್ರಪಿಂಡ ತೀರ ಸೋತವರಿಗೆ ಎರಡು ಸಲದ ನಡುವೆ ಆರು ಗಂಟೆಯಾದರೂ ಅಂತರ ಬೇಕು. ಜ್ವರದ ರೋಗಿ ಎಂದರೆ ಹೆಚ್ಚಾಗಿ ಊಟ ಬಿಟ್ಟವರೇ ಅಲ್ಲವೇ?

ಅವರು ಬರಿಗೈಯಲ್ಲೂ ಬಂದಿರುವುದಿಲ್ಲ. ಬೆಳಿಗ್ಗೆ ಮನೆಯಲ್ಲಿ ಒಂದು ಡೋಲೋ 650. ಮಧ್ಯಾಹ್ನ ಅಂಗಡಿಯವರು ಕಾಗದದಲ್ಲಿ ಕಟ್ಟಿಕೊಟ್ಟ ಮೂರು ಬಣ್ಣದ ಗುಳಿಗೆಗಳು, ಅವುಗಳಲ್ಲಿ ನೆಗಡಿಯ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್. ಸಂಜೆ ಊರಿನ ಡಾಕ್ಟರ ಸೂಜಿ. ರಾತ್ರಿ ತಾಲೂಕು ಆಸ್ಪತ್ರೆಯ ಬಾಟಲಿ. ಹುಬ್ಬಳ್ಳಿಗೆ ಕಳಿಸಿದರೆ ಅಲ್ಲಿ ಮೈ ಮುಟ್ಟಿ ನೋಡಿ ಇನ್ನೊಂದು. ಪ್ರತಿಯೊಬ್ಬರೂ ತಮ್ಮದೇ ಮೊದಲನೆಯದು ಎಂದುಕೊಂಡಿರುತ್ತಾರೆ. ಈ ನಲವತ್ತು ಚಿಲ್ಲರೆ ಕಿಲೋಮೀಟರಿನ ದಾರಿಯಲ್ಲಿ ಔಷಧಿ ಸೇರುತ್ತಾ ಹೋಗುತ್ತದೆ, ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ಆಶಾ ಅಕ್ಕಂದಿರಲ್ಲಿ ನನ್ನ ಬೇಡಿಕೆ ಇದೇ. ಜ್ವರದ ರೋಗಿಯನ್ನು ಗಾಡಿ ಹತ್ತಿಸುವಾಗ ಒಂದು ಚೀಟಿಯಲ್ಲಿ ತೂಕ ಬರೆಯಿರಿ, ನುಂಗಿದ ಗುಳಿಗೆಗಳ ಹೆಸರು, ನುಂಗಿದ ಹೊತ್ತು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಗುಳಿಗೆಯ ಖಾಲಿ ಪಟ್ಟಿಯನ್ನೇ ಸೆರಗಿಗೆ ಕಟ್ಟಿ ಕಳಿಸಿ. ಸಿಸ್ಟರ್‌ಗಳು ಬಾಟಲಿ ಹಚ್ಚಿದ ಹೊತ್ತನ್ನು ಅದೇ ಚೀಟಿಯಲ್ಲಿ ಮುಂದುವರಿಸಲಿ. 108ರ ಸಿಬ್ಬಂದಿಯೂ ಹಾಗೆಯೇ. ನಮ್ಮ ರೋಗಿಗಳು ಕನ್ನಡ, ಕೊಂಕಣಿ, ಮರಾಠಿ, ಲಂಬಾಣಿ ಆಡುತ್ತಾರೆ. ಮುಂಡಗೋಡಿನಲ್ಲಿ ಟಿಬೆಟನ್ನರು ನೆಲೆಸಿ ಆರು ದಶಕಗಳೇ ಆಗಿವೆ. ನಡುರಾತ್ರಿ ನುಡಿ ತಿಳಿಯದ ವೈದ್ಯರ ಮುಂದೆ ಜ್ವರದ ಮಂಪರಿನಲ್ಲಿರುವವರು ಗುಳಿಗೆಯ ಕಥೆ ಹೇಳಲಾರರು. ಅಂಕಿ ಬರೆದ ಚೀಟಿಯನ್ನು ಎಲ್ಲರೂ ಓದಬಲ್ಲರು.

ಈ ಭಾಗದ ಜ್ವರಗಳ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಡೆಂಗಿಯಲ್ಲಿ, ನಮ್ಮದೇ ಜಿಲ್ಲೆಯ ಸಿದ್ದಾಪುರದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯಲ್ಲಿ, ರಕ್ತಸ್ರಾವದ ಅಪಾಯವಿದೆ. ಮಂಗನ ಕಾಯಿಲೆಯ ವೈರಸ್ಸನ್ನು ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದರು. ಇಂದಿಗೂ ಅದಕ್ಕೆ ನೇರ ಮದ್ದಿಲ್ಲ, ಜ್ವರ ಇಳಿಸಿ ನೀರಿನಂಶ ಕಾಪಾಡುವುದೇ ಚಿಕಿತ್ಸೆ. ಇಂಥ ಜ್ವರಗಳಲ್ಲಿ ಆಸ್ಪಿರಿನ್, ಡೈಕ್ಲೊಫಿನಾಕ್, ಐಬುಪ್ರೊಫೆನ್ ಕೊಡಕೂಡದು, ಉಳಿಯುವುದು ಪ್ಯಾರಾಸಿಟಮಾಲ್ ಒಂದೇ. ಪ್ಲೇಟ್‌ಲೆಟ್ ಇಳಿದವರಿಗೆ ಕುಂಡೆಗೆ ಸೂಜಿ ಚುಚ್ಚಿದರೆ ಒಳಗೆ ರಕ್ತ ಗಡ್ಡೆ ಕಟ್ಟುತ್ತದೆ. ಆದ್ದರಿಂದ ಬಾಯಿಂದ ಸಾಧ್ಯವಿದ್ದರೆ ಬಾಯಿಂದ, ಇಲ್ಲದಿದ್ದರೆ ರಕ್ತನಾಳದಿಂದ. ಡೆಂಗಿಯಲ್ಲಿ ಲಿವರ್ ತಾನೇ ನೊಂದಿರುತ್ತದೆ, ಪ್ರಮಾಣದ ಬಿಗಿ ಇನ್ನೂ ಹೆಚ್ಚು ಬೇಕು. ಜೊತೆಗೆ, ಡೆಂಗಿಯ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ. ಬಾಟಲಿ ಹಚ್ಚಿದ ಮೇಲೆ ಮೈ ತಣ್ಣಗಾಯಿತೆಂದು ರೋಗಿಯನ್ನು ಬೈಕಿನ ಮೇಲೆ ಕೂರಿಸಿ ಮನೆಗೆ ಒಯ್ಯುತ್ತಾರೆ, ಆ ರಾತ್ರಿಯೇ ಕೈಕಾಲು ತಣ್ಣಗಾಗಿ ರಕ್ತದೊತ್ತಡ ಕುಸಿಯುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ಮಂಪರು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಜ್ವರವಿಲ್ಲವೆಂದು ಮನೆಯಲ್ಲಿ ಕೂರಬೇಡಿ. ಮಕ್ಕಳಿಗೆ ಜ್ವರ ತಲೆಗೇರಿ ಫಿಟ್ಸ್ ಬಂದೀತೆಂಬ ಹೆದರಿಕೆಯಿಂದ ಸಲಾಯಿನ್ ಕೇಳುವ ತಂದೆತಾಯಿಗಳಿಗೆ ಹೇಳುವುದಿಷ್ಟು: ಜ್ವರದ ಮದ್ದು ಮಗುವಿಗೆ ಹಾಯೆನಿಸುತ್ತದೆ, ಆದರೆ ಆ ಫಿಟ್ಸನ್ನು ಅದು ತಡೆಯುವುದಿಲ್ಲ. ಬೇಗ ಬೇಗ ಕೊಟ್ಟು ಪ್ರಯೋಜನವಿಲ್ಲ.

ಬಾಟಲಿ ಹಚ್ಚುವ ರೀತಿಯ ಬಗ್ಗೆ ಶುಶ್ರೂಷಾ ಸೋದರಿಯರಿಗೆ ತಿಳಿದಿರುವುದನ್ನೇ ನೆನಪಿಸುತ್ತೇನೆ. ಹದಿನೈದು ನಿಮಿಷದಲ್ಲಿ ಇಳಿಯಬೇಕು. ಒಮ್ಮೆಲೇ ತಳ್ಳಿದರೆ ರಕ್ತದೊತ್ತಡ ಕುಸಿಯಬಹುದು, ಮೊದಲೇ ನಿತ್ರಾಣವಾದವರಲ್ಲಿ ಹೆಚ್ಚು. ಬೇರೆ ಯಾವ ಔಷಧಿಯನ್ನೂ ಅದೇ ಬಾಟಲಿಗೆ ಸೇರಿಸಬಾರದು. ಗಾಜಿನ ಬಾಟಲಿಯಾದರೆ ಗಾಳಿಯ ದಾರಿ ಬೇಕು, ಕೊನೆಯ ಹನಿಗಳ ಹೊತ್ತಿಗೆ ಒಬ್ಬರು ಹತ್ತಿರವೇ ಇರಬೇಕು, ಇಲ್ಲದಿದ್ದರೆ ಆ ಗಾಳಿ ರಕ್ತನಾಳಕ್ಕೆ ಹೋಗುತ್ತದೆ. ಹಚ್ಚುವ ಮೊದಲು ಬೆಳಕಿಗೆ ಹಿಡಿದು ನೋಡಿ, ಬ್ಯಾಚ್ ಸಂಖ್ಯೆಯನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಬಳ್ಳಾರಿಯನ್ನು ಯಾರೂ ಮರೆತಿಲ್ಲ. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ತೀರಿಕೊಂಡರು, ಸಂಶಯ ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಂತು. ಅಂಥ ಹೊತ್ತಿನಲ್ಲಿ ಯಾವ ಬ್ಯಾಚಿನ ಬಾಟಲಿ ಯಾವ ತಾಯಿಗೆ ಹೋಯಿತು ಎಂದು ತೋರಿಸುವುದು ಆ ಕೈಬರಹ ಒಂದೇ. ಔಷಧಿಯಿಂದ ತೊಂದರೆಯಾಯಿತೆಂದು ಅನುಮಾನ ಬಂದರೆ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ 1800-180-3024 ಸಂಖ್ಯೆಗೆ ಯಾರು ಬೇಕಾದರೂ ಕರೆ ಮಾಡಬಹುದು, ರೋಗಿಯ ಮನೆಯವರೂ ಮಾಡಬಹುದು.

ಕೊನೆಯದಾಗಿ, ಪ್ರಮಾಣ ಮೀರಿಹೋಗಿದೆ ಎಂದು ಗೊತ್ತಾದಾಗ ಮಾಡಬೇಕಾದ್ದು. ಮೊದಲ ದಿನ ರೋಗಿ ಚೆನ್ನಾಗಿಯೇ ಇರುತ್ತಾರೆ, ಹೆಚ್ಚೆಂದರೆ ಹೊಟ್ಟೆ ತೊಳಸುತ್ತದೆ. ಲಿವರ್ ಸೋಲುವುದು ಮೂರನೆಯ, ನಾಲ್ಕನೆಯ ದಿನ. ಚೆನ್ನಾಗಿದ್ದಾರಲ್ಲ ಎಂದು ಸುಮ್ಮನಿದ್ದರೆ ಆ ಮೂರು ದಿನ ಕಳೆದುಹೋಗುತ್ತವೆ. ಇದಕ್ಕೆ ಮರುಮದ್ದು ಇದೆ, ಅಸಿಟೈಲ್‌ಸಿಸ್ಟೀನ್. ಬರಿದಾದ ಗ್ಲುಟಥಯೋನ್ ದಾಸ್ತಾನನ್ನು ಅದು ತುಂಬುತ್ತದೆ, ಎಂಟು ಗಂಟೆಯೊಳಗೆ ಶುರುವಾದರೆ ಬಹುತೇಕ ಎಲ್ಲರ ಲಿವರ್ ಉಳಿಯುತ್ತದೆ. ರಕ್ತದಲ್ಲಿ ಪ್ಯಾರಾಸಿಟಮಾಲ್ ಎಷ್ಟಿದೆ ಎಂದು ಅಳೆದು ಚಿಕಿತ್ಸೆ ಗೊತ್ತುಮಾಡುವ ನಕ್ಷೆಯನ್ನು, ಗುಳಿಗೆಗಳನ್ನು ಒಮ್ಮೆಲೇ ನುಂಗಿದವರಿಗಾಗಿ 1975ರಲ್ಲಿ ರೂಪಿಸಿದರು. ಎರಡು ದಿನ ಮೂರು ಕಡೆ ಹಚ್ಚಿಸಿಕೊಂಡು ಬಂದವರಿಗೆ ಅದು ನೇರವಾಗಿ ಹೊಂದುವುದಿಲ್ಲ, ಆ ಫಲಿತಾಂಶಕ್ಕೆ ಕಾಯುತ್ತ ಮರುಮದ್ದನ್ನು ತಡಮಾಡಬಾರದು. ಅತ್ತಿವೇರಿಯಿಂದ ಮುಂಡಗೋಡಿಗೆ, ಅಲ್ಲಿಂದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ಹಾಸಿಗೆ ಸಿಗುವಷ್ಟರಲ್ಲಿ ಎಂಟು ಗಂಟೆ ಎಷ್ಟು ಬೇಗ ಮುಗಿಯುತ್ತದೆಂದು ಇಲ್ಲಿರುವ ಎಲ್ಲರೂ ಬಲ್ಲಿರಿ. ಜೋಯಿಡಾದ ಒಳಗಿನ ಹಳ್ಳಿಗಳಿಂದ ಹೊರಟವರಿಗೆ ದಾರಿಯಲ್ಲೇ ಮುಗಿಯುತ್ತದೆ. ಆದ್ದರಿಂದ ಅಸಿಟೈಲ್‌ಸಿಸ್ಟೀನ್ ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ ಈ ನಾಲ್ಕೂ ತಾಲೂಕುಗಳ ಆಸ್ಪತ್ರೆಯ ಕಪಾಟಿನಲ್ಲಿ ವರ್ಷವಿಡೀ ಇರಬೇಕು, ಮೊದಲ ಪ್ರಮಾಣ ಇಲ್ಲೇ ಶುರುವಾಗಿ ಆಮೇಲೆ ಆಂಬುಲೆನ್ಸ್ ಹೊರಡಬೇಕು. ಈ ದತ್ತಿ ಉಪನ್ಯಾಸ ಏರ್ಪಡಿಸಿದ ಹಿರಿಯರು, ಪಂಚಾಯಿತಿಯ ಸದಸ್ಯರು, ಆರೋಗ್ಯ ರಕ್ಷಾ ಸಮಿತಿಯವರು ಇಂದು ಇಲ್ಲಿದ್ದೀರಿ. ಮುಂದಿನ ಸಭೆಯ ಬೇಡಿಕೆ ಪಟ್ಟಿಯಲ್ಲಿ ಮೂರು ಹೆಸರು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ: ಅಸಿಟೈಲ್‌ಸಿಸ್ಟೀನ್, ಐವತ್ತು ಮಿಲಿಯ ಪ್ಯಾರಾಸಿಟಮಾಲ್ ಬಾಟಲಿ, ಮತ್ತು ಜ್ವರದ ವಾರ್ಡಿನ ಬಾಗಿಲಲ್ಲೇ ಇಡಲು ದೊಡ್ಡವರಿಗೊಂದು, ಕೂಸುಗಳಿಗೊಂದು ತೂಕದ ಯಂತ್ರ.